ಮುತ್ತಜ್ಜನನ್ನು ಹುಡುಕುತ್ತಾ ಕಚೇರಿಗೆ

ಸ್ನೇಹಿತರೇ, ಶಿವಮೊಗ್ಗ ಜಿಲ್ಲೆಯ ಸೊರಬ ಕಡೆಯ ವೀರಗಲ್ಲುಗಳನ್ನು ನೀವೆಲ್ಲ ನೋಡಿದವರು. ಕಳ್ಳರು ಹೊಡೆದುಕೊಂಡು ಹೋದ ದನಗಳನ್ನು ಬಿಡಿಸಲು ಹೋಗಿ ಸತ್ತವನ ಶಕವರ್ಷ, ಮಾಸ, ತಿಥಿಗಳೂ ಎಷ್ಟೋ ಕಲ್ಲುಗಳ ಮೇಲಿವೆ. ಆ ಸೀಮೆಯ ಶಾಸನಗಳನ್ನು ಶಾಸನ ಸಂಗ್ರಹಿಸಿದ ಬಿ. ಎಲ್. ರೈಸ್ ಸಾಹೇಬರು 1904ರಲ್ಲೇ ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನಮಾಲೆಯ 8ನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದರು. ನನ್ನ ಮುತ್ತಜ್ಜ ಸತ್ತದ್ದು ಜ್ವರದಿಂದ. ಜ್ವರಕ್ಕೆ ಯಾರು ಕಲ್ಲು ನೆಡುತ್ತಾರೆ?

ಮುತ್ತಜ್ಜ ಸತ್ತ ದಿನ ಯಾವುದೆಂದು ಹುಡುಕುತ್ತಾ ಒಂದು ತಾಲ್ಲೂಕು ಕಚೇರಿಗೆ ಹೋದೆ. ರೆಕಾರ್ಡ್ ರೂಮಿನವರು ಮರ್ಯಾದೆಯಿಂದಲೇ ಕೇಳಿದರು: "ತೀರಿಕೊಂಡ ತಾರೀಖು ಹೇಳಿ ಸಾರ್, ಹುಡುಕಿ ಕೊಡುತ್ತೇನೆ." ಅದು ಗೊತ್ತಿದ್ದರೆ ನಾನೇಕೆ ಬಸ್ಸು ಹತ್ತುತ್ತಿದ್ದೆ ಸ್ವಾಮಿ! ಜನನ ಮರಣ ನೋಂದಣಿ ಕಾಯಿದೆ ಬಂದದ್ದು 1969ರಲ್ಲಿ. ಅದಕ್ಕೂ ಹಿಂದಿನ ಪುಸ್ತಕಗಳಲ್ಲಿ ಗೆದ್ದಲು ಬಿಟ್ಟದ್ದು ನಮ್ಮ ಪಾಲಿಗೆ. ಮೂರನೆಯ ಸಲ ಹೋದಾಗ ಅವರೇ ದಾರಿ ತೋರಿಸಿದರು: "ಜಮೀನಿತ್ತೇ? ಹಾಗಾದರೆ ಫೌತಿ ಖಾತೆ ನೋಡೋಣ." ಫೌತಿ ಖಾತೆ ಎಂದರೆ ಸತ್ತವನ ಜಮೀನಿನ ಖಾತೆ ವಾರಸುದಾರರ ಹೆಸರಿಗೆ ಬದಲಾಗುವುದು. ಅಂದಿನಿಂದ ನಾನು ಎಲ್ಲರಿಗೂ ಹೇಳುವುದು ಒಂದೇ, ಜಮೀನು ಹಿಡಿಯಿರಿ. ಮನುಷ್ಯ ಸತ್ತರೆ ಸರ್ಕಾರ ಮರೆಯಬಹುದು, ಕಂದಾಯ ಕಟ್ಟುವವನು ಬದಲಾದರೆ ಮರೆಯುವುದಿಲ್ಲ.

ಸಿಕ್ಕಿತು. 1921ರಲ್ಲಿ ಖಾತೆ ದೊಡ್ಡಜ್ಜನ ಹೆಸರಿಗೆ ಬಂದಿದೆ. ಸಾವೂ ಅದೇ ವರ್ಷ ಎಂದು ಬರೆದುಕೊಂಡು ಮನೆಗೆ ಬಂದೆ. ದಡ್ಡತನ. ಅಣ್ಣತಮ್ಮಂದಿರು ಒಪ್ಪಿ ಅರ್ಜಿ ಕೊಡುವ ಹೊತ್ತಿಗೆ ವರ್ಷಗಳೇ ಉರುಳುತ್ತವೆ. ನಮ್ಮ ಮನೆತನದಲ್ಲಂತೂ ಉರುಳಲೇಬೇಕು. ಫೌತಿ ಖಾತೆ ಹೇಳುವುದು ಇಷ್ಟೇ: ಈ ದಿನಕ್ಕೆ ಮೊದಲೇ ಸತ್ತಿದ್ದಾನೆ.

ಉಳಿದದ್ದನ್ನು ಹೇಳಿದ್ದು ಅಟ್ಟದ ಮೇಲಿದ್ದ ಅಡಿಕೆ ಲೆಕ್ಕದ ಪುಸ್ತಕ. ಕಾಳಯುಕ್ತಿ ಸಂವತ್ಸರ, ಆಶ್ವೀಜ ಬಹುಳ. ವಿಭೂತಿ, ಬಿಳಿ ಬಟ್ಟೆ, ಗುಂಡಿ ತೋಡಿದವರಿಗೆ ಅಕ್ಕಿ. ಅತ್ತದ್ದು ಎಲ್ಲಿಯೂ ಇಲ್ಲ, ಅಕ್ಕಿ ಮಾತ್ರ ಸೇರು ಸೇರಾಗಿ ಇದೆ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ, ಆದ್ದರಿಂದ 1858, 1918, 1978 ಮೂರೂ ಕಾಳಯುಕ್ತಿಯೇ. 1858ರಲ್ಲಿ ಮುತ್ತಜ್ಜ ಹುಟ್ಟಿರಲಿಲ್ಲ. 1978 ಖಾತೆ ಬದಲಾದ ಎಷ್ಟೋ ವರ್ಷಗಳ ನಂತರದ್ದು, ಆಗ ಸತ್ತಿದ್ದರೆ ನಾನೇ ಹೆಗಲು ಕೊಡಬೇಕಿತ್ತು. ಉಳಿದದ್ದು 1918, ಅಕ್ಟೋಬರ್ ಉತ್ತರಾರ್ಧ. ಇನ್‌ಫ್ಲುಯೆಂಜಾ ಮೈಸೂರು ಸಂಸ್ಥಾನವನ್ನು ಹಿಂಡುತ್ತಿದ್ದ ದಿನಗಳು. ಅಜ್ಜಿ "ಊರಿಗೆ ಊರೇ ಮಲಗಿತ್ತು" ಎನ್ನುತ್ತಿದ್ದುದು ನನಗೆ ಆಗ ಅರ್ಥವಾಯಿತು. ನೋಡಿ, ಖಾತೆ ಇಲ್ಲದಿದ್ದರೆ ಲೆಕ್ಕದ ಪುಸ್ತಕಕ್ಕೆ ಇಸವಿಯೇ ಸಿಗುತ್ತಿರಲಿಲ್ಲ. ಜಮೀನು ಹಿಡಿಯಿರಿ.

ಚೀಟಿ ಬಂತು, ಐದೇ ನಿಮಿಷವಂತೆ. ಹೂಳಿದ ಜಾಗದ ಬಗ್ಗೆ ಬರೆದು ತಂದದ್ದು ಎರಡು ಪುಟ ಇದೆ, ಬಿಡುತ್ತೇನೆ. ಚರ್ಚುಗಳಲ್ಲಿ ಮರಣದ ಪುಸ್ತಕ ಇರುತ್ತದೆ, ಕೇಳಿ. ನಮ್ಮಂತೆ ಸ್ವಂತ ಹೊಲದ ಮೂಲೆಯಲ್ಲಿ ಮಣ್ಣು ಮಾಡುವವರಿಗೆ ಸರ್ವೆ ನಂಬರೇ ಗತಿ. ಲಿಂಗನಮಕ್ಕಿ ಅಣೆಕಟ್ಟಿನ ನೀರಿನಡಿ ಹೋದ ಊರಿನವರಿಗೆ ಅದೂ ಕಾಗದದ ಮೇಲಷ್ಟೇ. ಮನೆತನಗಳ ವಂಶಾವಳಿ ಇಟ್ಟುಕೊಂಡು ಊರೂರು ತಿರುಗುವ ಹೆಳವರು ಬಾಗಿಲಿಗೆ ಬಂದರೆ ಕಾಳು ಕೊಟ್ಟು ಕಳಿಸಿಬಿಡಬೇಡಿ, ಕೂರಿಸಿ ವಂಶಾವಳಿ ಓದಿಸಿ. ಹಳೆಯ ಖಾತೆಯ ನಕಲು ತಂದವರು ಚಹಾದ ಹೊತ್ತಿನಲ್ಲಿ ಇತ್ತ ಬನ್ನಿ, ಶಾನುಭೋಗರ ಕೈಬರಹವನ್ನು ಕೂಡಿ ಓದೋಣ. ಕನ್ನಡಕ ಮರೆಯಬೇಡಿ.