ದೇವತೆಗಳ ಪಾಲು

ಕೇಳುಗರೇ, ನಮಸ್ಕಾರ. ಇವತ್ತು ವಿಸ್ಕಿಯ ಬಗ್ಗೆ ಮಾತು. ಕುಡಿಯಿರಿ ಅಂತ ಹೇಳಲು ಬಂದಿಲ್ಲ. ನಮ್ಮ ಬಿಸಿಲು ಒಂದು ಪೀಪಾಯಿಗೆ ಏನು ಮಾಡುತ್ತದೆ ಅನ್ನೋದನ್ನ ಹೇಳಬೇಕು.

ಓಕ್ ಮರದ ಪೀಪಾಯಿಯಲ್ಲಿ 200 ಲೀಟರ್ ತುಂಬಿ ನಾಲ್ಕು ವರ್ಷ ಸುಮ್ನೆ ಬಿಡಿ. ಸ್ಕಾಟ್ಲೆಂಡಿನ ತಂಪು ಗೋದಾಮಿನಲ್ಲಾದರೆ ಸುಮಾರು 184 ಲೀಟರ್ ಉಳಿಯುತ್ತದೆ. ಬೆಂಗಳೂರಿನಲ್ಲಿ? 120ರಿಂದ 130. ಯಾರೂ ಕದ್ದಿಲ್ಲ, ಪೀಪಾಯಿ ಸೋರಿಲ್ಲ. ಮರದ ಸಣ್ಣ ಸಣ್ಣ ರಂಧ್ರಗಳಿಂದ ಆವಿಯಾಗಿ ಹೋಯಿತು. ಅಲ್ಲಿ ವರ್ಷಕ್ಕೆ ಶೇ. 2ರಷ್ಟು ಹೋದರೆ ಇಲ್ಲಿ ಶೇ. 10ರಿಂದ 12. ಹೀಗೆ ಹೋದದ್ದನ್ನು ಸ್ಕಾಟ್ಲೆಂಡಿನವರು ದೇವತೆಗಳ ಪಾಲು ಎನ್ನುತ್ತಾರೆ.

ಆದರೆ ಬಿಸಿಲು ಬರೀ ಕಿತ್ತುಕೊಳ್ಳುವುದಿಲ್ಲ. ಸೆಕೆಗೆ ಪೀಪಾಯಿಯೊಳಗಿನ ದ್ರವ ಹಿಗ್ಗಿ ಮರದೊಳಕ್ಕೆ ಇಳಿಯುತ್ತದೆ. ತಂಪಾದಾಗ ಮರದ ಬಣ್ಣ, ವೆನಿಲ್ಲಾದಂಥ ಘಮ ಹೊತ್ತುಕೊಂಡು ವಾಪಸ್ ಬರುತ್ತದೆ. ಬೇಸಿಗೆಯಲ್ಲಿ ದೋಸೆ ಹಿಟ್ಟು ಬೇಗ ಹುಳಿ ಬರುತ್ತದಲ್ವಾ? ಕಾರಣ ಬೇರೆ, ಅವಸರ ಮಾತ್ರ ಅದೇ. ಹಾಗಾಗಿ ನಾಲ್ಕೈದು ವರ್ಷದ ನಮ್ಮ ವಿಸ್ಕಿಯನ್ನು ಎಳೆಯದು ಅಂತ ತಳ್ಳಿಹಾಕುವುದು ತಪ್ಪು. ಬಾಟಲಿಯ ಮೇಲಿನ ವರ್ಷದ ಅಂಕಿ ತಂಪು ದೇಶದವರ ಅಳತೆ. ಅದೇ ಕೋಲಿನಿಂದ ನಮ್ಮದನ್ನು ಅಳೆಯಬಾರದು.

ಈ ಮಾತನ್ನು ಸ್ಕಾಟ್ಲೆಂಡಿಗೇ ಹೋಗಿ ಹೇಳಿದವರು ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್‌ನವರು. 1948ರಲ್ಲಿ ಶುರುವಾದ ಕಂಪನಿ. ನೀಲಕಂಠ ರಾವ್ ಜಗದಾಳೆ ಅದರ ಮುಖ್ಯಸ್ಥರಾಗಿದ್ದಾಗ, 2004ರ ಆಗಸ್ಟ್‌ನಲ್ಲಿ, ತಮ್ಮ ಸಿಂಗಲ್ ಮಾಲ್ಟನ್ನು, ಅಂದರೆ ಒಂದೇ ಭಟ್ಟಿಯಲ್ಲಿ ಬರೀ ಮೊಳಕೆ ಬರಿಸಿದ ಬಾರ್ಲಿಯಿಂದ ಮಾಡಿದ ವಿಸ್ಕಿಯನ್ನು, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಬಿಡುಗಡೆ ಮಾಡಿದರು. ಸ್ಕಾಚ್‌ನ ಊರಿನಲ್ಲೇ! ಆ ಧೈರ್ಯ ನೆನೆದರೆ ನನಗೆ ಈಗಲೂ ಹೆಮ್ಮೆಯಾಗುತ್ತದೆ. ನಮ್ಮ ಊರಿನ ಅಂಗಡಿಗೆ ಅದು ಬಂದದ್ದು ಎಷ್ಟೋ ವರ್ಷ ಕಳೆದ ಮೇಲೆ. ನಮ್ಮ ಬಾರ್ಲಿಯ ಜೊತೆ ಸ್ಕಾಟ್ಲೆಂಡಿನ ಹೊಗೆ ಹಿಡಿಸಿದ ಬಾರ್ಲಿ ಸೇರಿಸಿ ಮಾಡಿದ ಅವರ ಫ್ಯೂಷನ್ ಎಂಬ ವಿಸ್ಕಿಗೆ, 2010ರ ಪಟ್ಟಿಯಲ್ಲಿ ಬ್ರಿಟನ್ನಿನ ಹೆಸರಾಂತ ವಿಮರ್ಶಕರೊಬ್ಬರು ಜಗತ್ತಿನಲ್ಲೇ ಮೂರನೇ ಸ್ಥಾನ ಕೊಟ್ಟರು.

ಇನ್ನೊಂದು ಪ್ರಯೋಗ ನನಗೆ ತುಂಬಾ ಇಷ್ಟ. ಅಮೃತ್‌ನವರು ಪೀಪಾಯಿಗಳನ್ನು ಎಂಟು ವರ್ಷ ಹಾಗೇ ಇಟ್ಟರು. ನಮ್ಮ ಸೆಕೆಯಲ್ಲಿ ಎಂಟು ವರ್ಷ ಅಂದರೆ ಕೈ ಬಿಟ್ಟ ಹಾಗೇ. ಆದರೂ ಕಾದರು. 2013ರಲ್ಲಿ ಅದು ಹೊರಬಂದಾಗ ಸಿಕ್ಕಿದ್ದು 144 ಬಾಟಲಿ. ಅದಕ್ಕೆ ಅವರು ಇಟ್ಟ ಹೆಸರು ಗ್ರೀಡಿ ಏಂಜೆಲ್ಸ್, ಅಂದರೆ ಆಸೆಬುರುಕ ದೇವತೆಗಳು.