ಚಿಪ್ಪು ಒಲೆಗೆ ಹಾಕುವ ಮುಂಚೆ

ಎಲ್ಲರಿಗೂ ನಮಸ್ಕಾರ. ಕೈಕೆಲಸ ಕಲಿಯಬೇಕು ಅಂದ ತಕ್ಷಣ ತುಂಬಾ ಜನ ಅಂಗಡಿಗೆ ಹೋಗಿ ಮಣಿ, ಲೇಸು, ಬಣ್ಣದ ಡಬ್ಬಿ ಅಂತ ಬ್ಯಾಗು ತುಂಬಿಸಿಕೊಂಡು ಬರುತ್ತಾರೆ. ಅಷ್ಟೆಲ್ಲಾ ಬೇಡ ಕಣ್ರೀ. ದುಡ್ಡು ಖರ್ಚು ಮಾಡೋದಿದ್ದರೆ ನಾಲ್ಕು ಒಳ್ಳೆ ಸಲಕರಣೆಗೆ ಮಾಡಿ. ಉಳಿದದ್ದು ಮನೆಯ ಹಿತ್ತಲಲ್ಲೇ ಬಿದ್ದಿರುತ್ತದೆ.

ನಮ್ಮ ತುಮಕೂರು ಜಿಲ್ಲೆಯಲ್ಲಿ ತೆಂಗಿನ ಚಿಪ್ಪಿಗೆ ಬರವೇ? ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಅಟ್ಟದ ಮೇಲೆ 10–11 ತಿಂಗಳು ಕಾಯಿ ಒಣಗಿಸಿ ಉಂಡೆ ಕೊಬ್ಬರಿ ತೆಗೆಯುವ ಮನೆಗಳಲ್ಲಿ ಚಿಪ್ಪಿನ ರಾಶಿಯೇ ಇರುತ್ತದೆ. ಅದು ಸ್ನಾನದ ಒಲೆಗೆ ಹೋಗುತ್ತದೆ, ಇಲ್ಲಾ ಇದ್ದಿಲು ಮಾಡುವವರು ಕೊಂಡುಹೋಗುತ್ತಾರೆ. ಆ ಚಿಪ್ಪು ಚೂರು ಚೂರಾಗಿರುವುದರಿಂದ ಬಟ್ಟೆಯ ಗುಂಡಿ ಮಾಡಲು ಚೆನ್ನ. ಬಟ್ಟಲಿಗೆ ಮಾತ್ರ ಅಡುಗೆಗೆ ಒಡೆದ ಕಾಯಿಯ ಚಿಪ್ಪೇ ಬೇಕು, ಸರಿಯಾಗಿ ಎರಡು ಹೋಳಾಗಿರಬೇಕು.

ತುರಿದು ಮುಗಿದ ಚಿಪ್ಪನ್ನು ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ. ಬೆಳಿಗ್ಗೆ ಒಳಗಿನದನ್ನು ಚಮಚದಲ್ಲಿ ಕೆರೆಯಿರಿ, ಹೊರಗಿನ ನಾರನ್ನು ಹಳೇ ಚಾಕುವಿನಲ್ಲಿ ತೆಗೆಯಿರಿ. ನೆರಳಲ್ಲಿ 2 ದಿನ ಒಣಗಲಿ.

ಇನ್ನು ಉಪ್ಪು ಕಾಗದ. ಹಾರ್ಡ್‌ವೇರ್ ಅಂಗಡಿಯಲ್ಲಿ ಸುಮ್ನೆ ‘ಒಂದು ಕೊಡಿ’ ಅನ್ನಬೇಡಿ, ನಂಬರ್ ಹೇಳಿ. ಹಾಳೆಯ ಬೆನ್ನಿಗೆ ಬರೆದಿರುತ್ತದೆ. ಮೊದಲು 80, ಅದು ತರಿತರಿ. ಆಮೇಲೆ 120, 220, ಕೊನೆಗೆ 400. ನಡುವೆ ಒಂದನ್ನು ಬಿಟ್ಟರೆ 80ರ ಗೀರು ಎಷ್ಟು ಉಜ್ಜಿದರೂ ಹೋಗುವುದಿಲ್ಲ, ಕೈ ಸೋಲುತ್ತದೆ ಅಷ್ಟೆ. ಉಜ್ಜುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಆ ಪುಡಿ ತುಂಬಾ ಸಣ್ಣದು. 400 ಮುಗಿದ ಮೇಲೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಬಟ್ಟೆಯಲ್ಲಿ ತಿಕ್ಕಿದರೆ, ಅಲ್ಲಿಯವರೆಗೆ ಬೂದುಬೂದಾಗಿದ್ದ ಚಿಪ್ಪು ಒಮ್ಮೆಲೇ ಗಾಢ ಕಂದು ಬಣ್ಣಕ್ಕೆ ತಿರುಗಿ, ಅದರೊಳಗಿನ ಗೆರೆಗಳೆಲ್ಲಾ ಎದ್ದು ಕಾಣುತ್ತವೆ. ಇದನ್ನು ನೋಡೋಕೇ ನಾನು ಅಷ್ಟು ಹೊತ್ತು ಕೂತು ಉಜ್ಜುವುದು.

ತೂತು ಮಾಡುವಾಗ ಹುಷಾರು. ನಾನು ಮೊದಲ ಚಿಪ್ಪಿಗೆ ಮೊಳೆ ಇಟ್ಟು ಸುತ್ತಿಗೆಯಲ್ಲಿ ಹೊಡೆದೆ. ಅಂಚಿನಿಂದ ಬುಡದವರೆಗೆ ಸೀಳಿಹೋಯಿತು. ಎರಡು ಗಂಟೆ ಉಜ್ಜಿದ್ದ ಚಿಪ್ಪು, ತುಂಬಾ ಬೇಜಾರಾಯಿತು. ಚಿಪ್ಪಿಗೆ ಏಟು ಆಗುವುದಿಲ್ಲ, ಕೊರೆಯಬೇಕು. ಮನೆಯಲ್ಲಿ ಹಳೇ ಬೈರಿಗೆ ಇದ್ದರೆ ಹುಡುಕಿ ತೆಗೆಯಿರಿ, ಇಲ್ಲವಾದರೆ ಕೈಯಲ್ಲಿ ತಿರುಗಿಸುವ ಡ್ರಿಲ್ಲಿಗೆ 2 ಮಿ.ಮೀ. ಬಿಟ್ ಹಾಕಿ. ಗುರುತು ಮಾಡಿದ ಕಡೆ ಟೇಪ್ ಅಂಟಿಸಿದರೆ ಬಿಟ್ ಜಾರುವುದಿಲ್ಲ.

ಸಣ್ಣ ಬಿರುಕು ಬಿಟ್ಟರೆ ಎಸೆಯಬೇಡಿ. ಉಜ್ಜಿದಾಗ ಬಂದ ಪುಡಿಯನ್ನೇ ಬಿರುಕಿಗೆ ತುಂಬಿ, ಮೇಲೆ ಒಂದು ಹನಿ ಫೆವಿಕ್ವಿಕ್ ಬಿಡಿ. ತಕ್ಷಣ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಆದರೆ ಆ ಅಂಟನ್ನು ಹತ್ತಿಯಲ್ಲಾಗಲಿ ಹತ್ತಿ ಬಟ್ಟೆಯಲ್ಲಾಗಲಿ ಒರೆಸಲು ಹೋಗಬೇಡಿ, ಬಿಸಿ ಏರಿ ಕೈ ಸುಡುತ್ತದೆ. ಇಂಥ ಬಟ್ಟಲು ಬಟಾಣಿ, ಕಡಲೆಬೀಜ ಹಾಕಲು ಬೇಡ, ಸೂಜಿ ದಾರಕ್ಕೆ ಇರಲಿ.

ಕತ್ತರಿಸಲು ಇಡೀ ಗರಗಸ ಕೊಳ್ಳಬೇಕಿಲ್ಲ. ಮುರಿದ ಹ್ಯಾಕ್ಸಾ ಬ್ಲೇಡಿನ ತುಂಡಿಗೆ ಹಳೇ ಸೈಕಲ್ ಟ್ಯೂಬಿನ ಪಟ್ಟಿಯನ್ನು ಬಿಗಿಯಾಗಿ ಸುತ್ತಿದರೆ ಹಿಡಿ ಆಯಿತು, ಕೈಗೂ ನೋವಿಲ್ಲ.

ಕತ್ತರಿ ಮಾತ್ರ ಎರಡಿರಲಿ. ಬಟ್ಟೆಯದು ಬಟ್ಟೆಗೇ. ಅದರಲ್ಲಿ ಕಾಗದ ಕತ್ತರಿಸಿದರೆ ಬಾಯಿ ಮೊಂಡಾಗಿ, ಬೊಂತೆಗೆ ಅಂತ ಹಳೇ ಸೀರೆ ಕತ್ತರಿಸಲು ಹೋದಾಗ ದಾರ ಕಚ್ಚಿ ಎಳೆಯುತ್ತದೆ.

ಕೊನೆಗೆ ಕಣ್ಣಿರುವ ಹೋಳು. ಅದರ ಬುಡಕ್ಕೆ ಬೈರಿಗೆಯೂ ಬೇಡ. ಮೂರು ಕಣ್ಣಿನಲ್ಲಿ ಒಂದು ಮೆತ್ತಗಿರುತ್ತದೆ, ಮೊಳಕೆ ಬರುವುದೂ ಅಲ್ಲಿಂದಲೇ ಅಲ್ವಾ. ಅದಕ್ಕೆ ದಬ್ಬಣ ಚುಚ್ಚಿ ತಿರುಗಿಸಿ, ನೀರು ಇಳಿಯಲು ಅಷ್ಟು ಸಾಕು. ಅಂಚಿನಲ್ಲಿ ಮೂರು ತೂತು ಕೊರೆದು ದಾರ ಕಟ್ಟಿ. ಒಳಗೆ ಒಂದಿಷ್ಟು ನಾರು, ಮೇಲೆ ಮಣ್ಣು, ಅದಕ್ಕೊಂದು ದೊಡ್ಡಪತ್ರೆ ಕಡ್ಡಿ ನೆಟ್ಟು ಅಡುಗೆಮನೆ ಕಿಟಕಿಗೆ ತೂಗುಹಾಕಿ. ತಂಬುಳಿಗೆ ಎಲೆ ಕಿಟಕಿಯಲ್ಲೇ ಸಿಗುತ್ತದೆ. ನಮಸ್ಕಾರ.