ಐ7 ಅಂದ ಮಾತ್ರಕ್ಕೆ ಗೇಮಿಂಗ್ ಪಿಸಿ ಆಗಲ್ಲ: ಪಾರ್ಟ್ಸ್ ಆರಿಸೋದು ಹೇಗೆ?

[ಮೇಜಿನ ಮೇಲೆ ಮಡಿಸಿಟ್ಟ ಕೊಟೇಶನ್ ಚೀಟಿ. ಬಿಡಿಸಿ ಕ್ಯಾಮೆರಾಗೆ ಹಿಡಿಯೋದು. ಅಂಗಡಿ ಹೆಸರು ಕಾಣಬಾರದು.]

ಎಲ್ಲರಿಗೂ ನಮಸ್ಕಾರ. ಈ ಚೀಟಿ ನೋಡಿ. ದಾವಣಗೆರೆಯಲ್ಲಿರೋ ನಮ್ಮಕ್ಕನ ಮಗ ಬೆಂಗಳೂರಿಗೆ ಬಂದಾಗ ಕಂಪ್ಯೂಟರ್ ಪಾರ್ಟ್ಸ್ ಅಂಗಡಿಗಳಿರೋ ಎಸ್‌ಪಿ ರೋಡಿಗೆ ಹೋಗಿ ಬರೆಸ್ಕೊಂಡು ಬಂದ ಕೊಟೇಶನ್ ಇದು. ಕಾಲೇಜು ಮುಗಿಸ್ಕೊಂಡು ಸಂಜೆ ಹೊತ್ತು ದುಡಿದು, ಎರಡು ವರ್ಷ ಕೂಡಿಟ್ಟ ದುಡ್ಡು ಅವನದು. ಮುಖ ಅರಳಿಸ್ಕೊಂಡು ಬಂದ. "ಮಾಮ, ಐ7 ಐತೆ, 16 ಜಿಬಿ ರ್‍ಯಾಮ್ ಐತೆ, 4 ಜಿಬಿ ಗ್ರಾಫಿಕ್ಸ್ ಕಾರ್ಡ್ ಐತೆ, ಇನ್ನೇನು ಬೇಕು?" ಅಂದ.

ಒಂದೊಂದೇ ಸಾಲು ಓದೋಣ. ಐ7 ಅಂತ ದಪ್ಪಗೆ ಬರೆದಿದೆ, ಪಕ್ಕದಲ್ಲಿ ಸಣ್ಣಗೆ 3770. ಅದು 2012ರಲ್ಲಿ ಬಂದ ಇಂಟೆಲ್ ಪ್ರೊಸೆಸರ್, ಅಂದ್ರೆ ಪಿಸಿಯ ಮಿದುಳು. ಬರೀ ನಾಲ್ಕು ಕೋರ್, ಅಂದ್ರೆ ಒಟ್ಟಿಗೆ ಲೆಕ್ಕ ಮಾಡೋ ನಾಲ್ಕೇ ಘಟಕ. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಅದಕ್ಕೆ ಜಾಗ ಇಲ್ಲ. ವಿಂಡೋಸ್ 10 ಹಾಕೋಣ ಅಂದ್ರೆ ಅದರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇನ್ನು ಗ್ರಾಫಿಕ್ಸ್ ಕಾರ್ಡ್: ಜಿಟಿ 730. 2014ರದ್ದು. 4 ಜಿಬಿ ಅನ್ನೋದು ನಿಜ, ಆದರೆ ಒಳಗಿರೋದು ಹಳೇ, ನಿಧಾನದ ಡಿಡಿಆರ್3 ಮೆಮೊರಿ. ಮನೇಲಿ ದೊಡ್ಡ ಸಂಪ್ ಕಟ್ಟಿಸಿ, ಅರ್ಧ ಇಂಚಿನ ನಲ್ಲಿ ಹಾಕಿದ ಹಾಗೆ. ನೀರು ತುಂಬಾ ಇದೆ, ಬಕೆಟ್ ಮಾತ್ರ ತುಂಬಲ್ಲ.

ಎಸ್‌ಪಿ ರೋಡಲ್ಲಿ ಎಲ್ಲರೂ ಹೀಗೇ ಮಾಡ್ತಾರೆ ಅಂತ ದಯವಿಟ್ಟು ಅಂದ್ಕೋಬೇಡಿ. ನಾನು ಇವತ್ತಿಗೂ ಪಾರ್ಟ್ಸ್ ತಗೊಳ್ಳೋದು ಅಲ್ಲೇ. ಒಳ್ಳೇ ಅಂಗಡಿಯವರು ಬೇಕಾದಷ್ಟು ಜನ ಇದ್ದಾರೆ. ಆದರೆ ಏನು ಕೇಳಬೇಕು ಅಂತ ಗೊತ್ತಿಲ್ಲದೆ ಹೋದ್ರೆ ಎರಡು ವರ್ಷದ ದುಡಿಮೆ ಹೀಗೆ ಹೋಗಿಬಿಡುತ್ತೆ. ಆ ಚೀಟಿ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದಕ್ಕೇ ಈ ವಿಡಿಯೋ.

[ಖಾಲಿ ಹಾಳೆ, ಪೆನ್ನು. ಮೊದಲ ಸಾಲಲ್ಲಿ "ಮಾನಿಟರ್" ಅಂತ ಬರೆಯೋದು.]

ಎಲ್ಲರೂ ಪಟ್ಟಿಯ ಕೊನೇಲಿ ಬರೆಯೋ ಮಾನಿಟರನ್ನ ನಾನು ಮೊದಲು ಬರೀತೀನಿ. ಗ್ರಾಫಿಕ್ಸ್ ಕಾರ್ಡಿಗೆ ಎಷ್ಟು ಕೆಲಸ ಬೀಳುತ್ತೆ ಅಂತ ತೀರ್ಮಾನ ಮಾಡೋದೇ ಅದು. 1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಚುಕ್ಕಿ. 1440ಪಿ ಅಂದ್ರೆ 36.9 ಲಕ್ಷ. ಒಂದೊಂದು ಫ್ರೇಮಿಗೂ, ಅಂದ್ರೆ ಪರದೆ ಮೇಲೆ ಬರೋ ಒಂದೊಂದು ಚಿತ್ರಕ್ಕೂ, ಕಾರ್ಡ್ ಇಷ್ಟು ಚುಕ್ಕಿಗೂ ಬಣ್ಣ ಲೆಕ್ಕ ಹಾಕಬೇಕು. ಪರದೆ 144 ಹರ್ಟ್ಸಿನದಾದ್ರೆ, ಅಂದ್ರೆ ಸೆಕೆಂಡಿಗೆ 144 ಸಲ ಚಿತ್ರ ಬದಲಾಯಿಸೋದಾದ್ರೆ, ಪೂರ್ತಿ ಲಾಭ ಸಿಗಬೇಕಾದ್ರೆ ಪ್ರತಿ ಫ್ರೇಮನ್ನೂ 7 ಮಿಲಿಸೆಕೆಂಡಿನೊಳಗೆ ಮುಗಿಸಬೇಕು.

ನಮ್ಮ ಹುಡುಗ ಗೆಳೆಯರ ಜೊತೆ ವ್ಯಾಲರಂಟ್ ಆಡ್ತಾನೆ, ಬಿಡುವಿದ್ದಾಗ ದೊಡ್ಡ ಓಪನ್ ವರ್ಲ್ಡ್ ಗೇಮ್‌ಗಳು. ಅವನಿಗೆ 24 ಇಂಚಿನ 1080ಪಿ, 144 ಹರ್ಟ್ಸ್ ಸಾಕು ಅಂತ ಹೇಳಿದೆ. ಮಧ್ಯಮ ಬಜೆಟ್ಟಿನ ಬಹುಪಾಲು ಜನಕ್ಕೆ ಇದೇ ಸರಿ ಅನ್ನೋದು ನನ್ನ ಅಭಿಪ್ರಾಯ. 27 ಇಂಚು ಬೇಕೇ ಬೇಕು ಅಂದ್ರೆ 1440ಪಿಗೆ ಹೋಗಿ. ಹತ್ತಿರ ಕೂತು ನೋಡೋರಿಗೆ 27 ಇಂಚಲ್ಲಿ 1080ಪಿ ಅಕ್ಷರ ಒರಟಾಗಿ ಕಾಣುತ್ತೆ.

ಈಗ ಗ್ರಾಫಿಕ್ಸ್ ಕಾರ್ಡ್. ಮಾನಿಟರ್ ಬಿಟ್ಟು ಉಳಿದ ದುಡ್ಡಲ್ಲಿ ಹತ್ತಿರ ಹತ್ತಿರ 40 ಪರ್ಸೆಂಟ್ ಇಲ್ಲಿಗೆ ಹೋದ್ರೂ ನಾನು ಬೇಡ ಅನ್ನಲ್ಲ. ಇಲ್ಲಿ ಒಂದು ಗೊಂದಲ ಇದೆ, ನಿಧಾನವಾಗಿ ಹೇಳ್ತೀನಿ. 2025ರ ಏಪ್ರಿಲಲ್ಲಿ ಎನ್‌ವಿಡಿಯಾದ ಆರ್‌ಟಿಎಕ್ಸ್ 5060 ಟಿಐ ಬಂತು, ಜೂನಲ್ಲಿ ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ ಬಂತು. ಎರಡೂ 8 ಜಿಬಿಯಲ್ಲೂ ಇವೆ, 16 ಜಿಬಿಯಲ್ಲೂ ಇವೆ. ಹೆಸರು ಒಂದೇ! ಪೆಟ್ಟಿಗೆ ಮೂಲೇಲಿರೋ ಸಣ್ಣ ಅಂಕಿ ಓದದೆ ದುಡ್ಡು ಕೊಡಬೇಡಿ.

ಆಗಲೇ ಜಿಬಿ ಮುಖ್ಯ ಅಲ್ಲ ಅಂದ್ರಲ್ಲ, ಈಗ ಜಿಬಿ ನೋಡಿ ಅಂತೀರಲ್ಲ ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಚಿಪ್ ಎರಡರಲ್ಲೂ ಒಂದೇ ಇದ್ದಾಗ ಮೆಮೊರಿ ಲೆಕ್ಕಕ್ಕೆ ಬರುತ್ತೆ. ಗೇಮಿನ ರಸ್ತೆ, ಗೋಡೆ, ಮರ, ಮುಖ ಎಲ್ಲದರ ಚಿತ್ರ ಕಾರ್ಡಿನ ಮೆಮೊರಿಯಲ್ಲಿ ಕೂತಿರಬೇಕು. 8 ಜಿಬಿ ತುಂಬಿ ಹೋದ್ರೆ ಉಳಿದಿದ್ದು ಪಿಸಿಯ ರ್‍ಯಾಮಿಂದ ಮದರ್‌ಬೋರ್ಡ್ ದಾಟಿ ಬರಬೇಕು, ಅದು ನಿಧಾನದ ದಾರಿ. ಗಾಡಿ ಓಡಿಸ್ತಾ ಹೊಸ ಬೀದಿಗೆ ತಿರುಗಿಸ್ತೀರಿ, ಚಿತ್ರ ಒಂದು ಕ್ಷಣ ತಡವರಿಸುತ್ತೆ, ಎದುರಿನ ಕಟ್ಟಡದ ಗೋಡೆ ಮೊದಲು ಮಸುಕಾಗಿ ಬಂದು ಆಮೇಲೆ ತಿಳಿಯಾಗುತ್ತೆ. ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್) ಸರಾಸರಿ ಚೆನ್ನಾಗೇ ತೋರಿಸ್ತಿರುತ್ತೆ, ಕೈಗೆ ಮಾತ್ರ ಆ ಮುಗ್ಗರಿಕೆ ಗೊತ್ತಾಗುತ್ತೆ. ನಾಲ್ಕೈದು ವರ್ಷ ಇಟ್ಕೊಳ್ಳೋ ಕಾರ್ಡ್ ಆದ್ರೆ ಇನ್ನೂ ಸ್ವಲ್ಪ ದಿನ ಕಾದು 16 ಜಿಬಿಯದ್ದೇ ತಗೊಳ್ಳಿ. ಬ್ಲೆಂಡರ್, ಎಐ ಕಲಿಕೆ ಇಂಥ ಕೆಲಸವೂ ಇದ್ರೆ ಎನ್‌ವಿಡಿಯಾ ಕಡೆ ಹೋಗಿ, ಆ ಸಾಫ್ಟ್‌ವೇರುಗಳಿಗೆ ಎನ್‌ವಿಡಿಯಾದ ಕುಡಾ ಅನ್ನೋ ವ್ಯವಸ್ಥೆ ಒಗ್ಗಿದೆ. ಬರೀ ಆಟ ಅಂದ್ರೆ ಎರಡರಲ್ಲಿ ಯಾವುದು ಕಮ್ಮಿಗೆ ಸಿಕ್ಕಿದ್ರೂ ಸರಿ.

[ರೈಜನ್ ಪ್ರೊಸೆಸರಿನ ಡಬ್ಬಿ ತೆರೆಯೋದು.]

ಪ್ರೊಸೆಸರ್ ವಿಷಯಕ್ಕೆ ಜನ ಜಗಳಾನೇ ಆಡ್ತಾರೆ, ಆದರೆ ಈ ಬಜೆಟ್ಟಲ್ಲಿ ಅಷ್ಟೊಂದು ತಲೆ ಕೆಡಿಸ್ಕೊಳ್ಳೋದು ಬೇಕಿಲ್ಲ. ಆರು ಕೋರ್, ಹನ್ನೆರಡು ಥ್ರೆಡ್ (ಒಂದೊಂದು ಕೋರ್ ಒಟ್ಟಿಗೆ ಎರಡು ಕೆಲಸ ಹಿಡಿಯುತ್ತೆ) ಇರೋ ಈಗಿನ ಕಾಲದ್ದೊಂದು ಸಾಕು. ನನ್ನ ಆಯ್ಕೆ ಎಎಂಡಿಯ ರೈಜನ್ 5 7600. 2023ರ ಜನವರಿಯಲ್ಲಿ ಬಂದಿದ್ದು, ಎಎಂ5 ಸಾಕೆಟ್, ಅಂದ್ರೆ ಬೋರ್ಡಲ್ಲಿ ಪ್ರೊಸೆಸರ್ ಕೂರೋ ಜಾಗ. ಈ ಸಾಕೆಟ್ಟಿಗೆ 2027 ದಾಟಿಯೂ ಸಪೋರ್ಟ್ ಇರುತ್ತೆ ಅಂತ ಎಎಂಡಿ ಹೇಳಿದೆ. ಅಂದ್ರೆ ಮುಂದೆ ಬೋರ್ಡ್ ಬದಲಾಯಿಸದೆ ಪ್ರೊಸೆಸರ್ ಮಾತ್ರ ಬದಲಾಯಿಸಬಹುದು. 7500ಎಫ್ ಅನ್ನೋದು ಸ್ವಲ್ಪ ಅಗ್ಗ. ಆದರೆ ಕಾರ್ಡ್ ಇಲ್ಲದೆಯೂ ಪರದೆಗೆ ಚಿತ್ರ ಕಳಿಸೋ ಗ್ರಾಫಿಕ್ಸ್ ಅದರೊಳಗೆ ಇಲ್ಲ. ನಿಮ್ಮ ಗ್ರಾಫಿಕ್ಸ್ ಕಾರ್ಡ್ ವಾರಂಟಿಗೆ ಹೋಯ್ತು ಅನ್ಕೊಳ್ಳಿ, ಬರೋಕೆ ವಾರಗಟ್ಟಲೆ ಆಗಬಹುದು. 7600 ಇದ್ರೆ ಅಷ್ಟು ದಿನ ಕನಿಷ್ಠ ಪಾಠ, ಪ್ರಾಜೆಕ್ಟ್ ಕೆಲಸ ನಡೆಯುತ್ತೆ. ಓದೋ ಮಕ್ಕಳಿರೋ ಮನೆಗೆ ನಾನು ಯಾವಾಗಲೂ 7600 ಅಂತಲೇ ಹೇಳ್ತೀನಿ. ಮದರ್‌ಬೋರ್ಡ್ ಬಿ650 ಸಾಕು. ಹೆಸರು ಎಕ್ಸ್ ಅಕ್ಷರದಿಂದ ಶುರುವಾಗೋ ದುಬಾರಿ ಬೋರ್ಡಿನ ದುಡ್ಡನ್ನ ಕಾರ್ಡಿಗೆ ಹಾಕಿ.

ರ್‍ಯಾಮ್ ಬೆಲೆ 2025ರ ಕೊನೆಯಿಂದ ಸಿಕ್ಕಾಪಟ್ಟೆ ಏರಿದೆ. ಮೆಮೊರಿ ಚಿಪ್ಪುಗಳನ್ನ ಎಐ ಡೇಟಾ ಸೆಂಟರುಗಳು ಎಳ್ಕೊಳ್ತಿವೆ. ಅದಕ್ಕೇ ಈ ವಿಡಿಯೋದಲ್ಲಿ ರೂಪಾಯಿ ಲೆಕ್ಕ ಹೇಳ್ತಿಲ್ಲ, ಇವತ್ತು ಹೇಳಿದ್ದು ನೀವು ನೋಡೋ ಹೊತ್ತಿಗೆ ಸುಳ್ಳಾಗಬಹುದು. ಎಎಂ5ಗೆ ಡಿಡಿಆರ್5 ಮಾತ್ರ ಹಿಡಿಯುತ್ತೆ. 6000 ಸ್ಪೀಡಿನದು, ಎರಡು ಸ್ಟಿಕ್ ಜೋಡಿಯಾಗಿ. ಒಂದೇ ಸ್ಟಿಕ್ ಹಾಕಿ ಆಮೇಲೆ ಇನ್ನೊಂದು ತರ್ತೀನಿ ಅಂದ್ರೆ ಅಲ್ಲಿವರೆಗೂ ಅರ್ಧ ದಾರಿ ಮುಚ್ಚಿದ ಹಾಗೆ. ಹಳೇ ಪಿಸಿಯಲ್ಲಿ ಒಳ್ಳೇ ಡಿಡಿಆರ್4 ರ್‍ಯಾಮ್ ಇದ್ದವರು ಮಾತ್ರ ರೈಜನ್ 5 5600, ಬಿ550 ಬೋರ್ಡ್ ಕಡೆ ಯೋಚಿಸಿ. ಈಗಿನ ಬೆಲೆಯಲ್ಲಿ ಅದು ನಿಜವಾದ ಉಳಿತಾಯ.

ಗೇಮ್, ಫೈಲ್ ಇಡೋ ಎಸ್‌ಎಸ್‌ಡಿ 1 ಟಿಬಿ, ವೇಗದ ಎನ್‌ವಿಎಂಇ ಥರದ್ದು. ಮುಂದೆ ಹೋಗೋಣ.

[ಹಳೆಯ, ಸುಟ್ಟ ಎಸ್‌ಎಂಪಿಎಸ್ ಮೇಜಿನ ಮೇಲೆ ಇಡೋದು. ಪಕ್ಕದಲ್ಲಿ ಹೊಸದೊಂದು.]

ಈ ಡಬ್ಬಿ ನಾನು ಎಸೆದಿಲ್ಲ. ನನ್ನ ಮೊದಲ ಪಿಸಿಯಲ್ಲಿ ಕ್ಯಾಬಿನೆಟ್ ಜೊತೆ ಫ್ರೀ ಅಂತ ಬಂದ ಎಸ್‌ಎಂಪಿಎಸ್ ಇದು, ಅಂದ್ರೆ ಪಿಸಿಯ ಪಾರ್ಟುಗಳಿಗೆಲ್ಲ ಕರೆಂಟ್ ಹಂಚೋ ಪವರ್ ಸಪ್ಲೈ. ಮೇಲೆ 450 ವ್ಯಾಟ್ ಅಂತ ಬರೆದಿದೆ. ಮಳೆಗಾಲದ ಒಂದು ಸಂಜೆ ಕರೆಂಟ್ ಹೋಯ್ತು, ಬಂತು, ಮತ್ತೆ ಹೋಯ್ತು, ಬಂತು. ಟಪ್ ಅಂತ ಒಂದು ಸದ್ದು, ಆಮೇಲೆ ಸುಟ್ಟ ಪ್ಲಾಸ್ಟಿಕ್ ವಾಸನೆ. ಮದರ್‌ಬೋರ್ಡ್ ಹೋಯ್ತು, ಹಾರ್ಡ್‌ಡಿಸ್ಕೂ ಹೋಯ್ತು. ಅದರಲ್ಲಿ ನಮ್ಮಜ್ಜಿ ಕೊನೇ ಸಲ ಊರ ತೇರಿಗೆ ಬಂದಾಗ ತೆಗೆದ ಫೋಟೋಗಳಿದ್ವು.

[ಎರಡನ್ನೂ ಒಂದೊಂದು ಕೈಯಲ್ಲಿ ಎತ್ತಿ ತೋರಿಸೋದು.]

ಹಳೇದರ ತೂಕ ನೋಡಿ, ಎಷ್ಟು ಹಗುರ. ಒಳಗಿರಬೇಕಾದ ಫಿಲ್ಟರ್ ಕಾಯಿಲ್, ದೊಡ್ಡ ಕೆಪಾಸಿಟರ್, ರಕ್ಷಣೆಯ ಸರ್ಕ್ಯೂಟ್ ಎಲ್ಲಾ ಹಾಕದೆ ದುಡ್ಡು ಉಳಿಸಿಬಿಟ್ಟಿದ್ದಾರೆ. 80 ಪ್ಲಸ್ ಅಂತ ಸ್ಟಿಕ್ಕರ್ ಇದ್ರೆ ಸಾಕು ಅನ್ಕೋಬೇಡಿ, ಅದು ಎಷ್ಟು ಕರೆಂಟ್ ಶಾಖವಾಗಿ ಹಾಳಾಗಲ್ಲ ಅನ್ನೋದರ ಲೆಕ್ಕ. ನಿಮ್ಮ ಬೋರ್ಡನ್ನ ಕಾಪಾಡುತ್ತಾ ಅನ್ನೋದನ್ನ ಅದು ಹೇಳಲ್ಲ. ಓವರ್ ವೋಲ್ಟೇಜ್, ಓವರ್ ಕರೆಂಟ್ ಪ್ರೊಟೆಕ್ಷನ್ ಇದೆಯಾ, ಕನಿಷ್ಠ ಐದು ವರ್ಷ ವಾರಂಟಿ ಇದೆಯಾ ನೋಡಿ. ವ್ಯಾಟ್ ಲೆಕ್ಕ ಸುಲಭ: 9060 ಎಕ್ಸ್‌ಟಿ 16 ಜಿಬಿಗೆ ಸುಮಾರು 160, 7600 ಜೋರಾಗಿ ಓಡಿದ್ರೆ 88, ಉಳಿದಿದ್ದೆಲ್ಲ ಸೇರಿ 50. ಮುನ್ನೂರರ ಆಸುಪಾಸು. ಒಳ್ಳೇ 550 ವ್ಯಾಟಿಂದು ಧಾರಾಳ. 750, 850 ಅಂತ ಹೆದರಿಸೋರ ಮಾತು ಕೇಳಬೇಡಿ.

ಇಲ್ಲೇ ಯುಪಿಎಸ್ ವಿಷಯಾನೂ ಹೇಳಿಬಿಡ್ತೀನಿ. 600 ವಿಎ ಅಂದ್ರೆ 600 ವ್ಯಾಟ್ ಅಲ್ಲ, ಸಾಮಾನ್ಯವಾಗಿ 360 ಅಥವಾ ಅದಕ್ಕೂ ಕಮ್ಮಿ. ಆಟದ ಮಧ್ಯೆ ಕರೆಂಟ್ ಹೋದಾಗ ಅದು ಪೀ ಅಂತ ಕೂಗಿ ಪಿಸಿ ಆಫ್ ಆಗೋದು ಅದಕ್ಕೇ. 1000 ವಿಎ ತಗೊಳ್ಳಿ. ಮನೆಯ ಇನ್ವರ್ಟರ್ ಮೇಲೇ ಓಡಿಸ್ತೀನಿ ಅನ್ನೋರು ಅದು ಸೈನ್ ವೇವಾ, ಸ್ಕ್ವೇರ್ ವೇವಾ ನೋಡ್ಕೊಳ್ಳಿ. ಈಗಿನ ಒಳ್ಳೇ ಎಸ್‌ಎಂಪಿಎಸ್‌ಗಳಿಗೆ ಸ್ಕ್ವೇರ್ ವೇವ್ ಆಗಿಬರಲ್ಲ.

ಇನ್ನೊಂದು. ಕ್ಯಾಬಿನೆಟ್ಟಿನ ಸ್ಕ್ರೂ ಮುಟ್ಟಿದಾಗ ಬೆರಳಿಗೆ ಜುಮ್ ಅನ್ನುತ್ತಾ? ಬಹಳ ಮನೆಗಳಲ್ಲಿ ಅನ್ನುತ್ತೆ, ಜನ ಅದಕ್ಕೇ ಒಗ್ಗಿಕೊಂಡಿದ್ದಾರೆ. ಹೆಚ್ಚಿನ ಸಲ ಅದರ ಅರ್ಥ ಸಾಕೆಟ್ಟಲ್ಲಿ ಅರ್ತಿಂಗ್ ಇಲ್ಲ ಅಂತ. ಎಸ್‌ಎಂಪಿಎಸ್‌ನ ಫಿಲ್ಟರ್ ಕೆಪಾಸಿಟರುಗಳು ಸಣ್ಣ ಸೋರಿಕೆಯನ್ನ ಅರ್ತ್ ವೈರಿಗೆ ಕಳಿಸ್ತವೆ. ಆ ದಾರಿ ಇಲ್ಲದಿದ್ದಾಗ ಸಪ್ಲೈ ವೋಲ್ಟೇಜಿನ ಅರ್ಧದಷ್ಟು ಕ್ಯಾಬಿನೆಟ್ ಮೇಲೇ ನಿಲ್ಲುತ್ತೆ. ಪಿಸಿ ತರೋಕೆ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಆ ಒಂದು ಪಾಯಿಂಟಿನ ಅರ್ತಿಂಗ್ ನೋಡಿಸಿ. ಮೂರು ಪಿನ್ನನ್ನ ಎರಡು ಪಿನ್ ಮಾಡೋ ಅಡಾಪ್ಟರ್ ಯಾವತ್ತೂ ಹಾಕಬೇಡಿ.

ಕ್ಯಾಬಿನೆಟ್ ಬಗ್ಗೆ ಎರಡೇ ಮಾತು. ಮುಂದೆ ಗಾಜು ಮುಚ್ಚಿರೋದು ಬೇಡ, ಜಾಲರಿ ಇರಲಿ. ಬೇಸಿಗೆಯಲ್ಲಿ ಕಲಬುರಗಿ, ರಾಯಚೂರಲ್ಲಿ 40 ಡಿಗ್ರಿ ದಾಟೋದು ಮಾಮೂಲಿ. ಫ್ಯಾನ್ ಎಷ್ಟು ತಿರುಗಿದ್ರೂ ರೂಮಿಗಿಂತ ತಣ್ಣಗೆ ಮಾಡೋಕಾಗಲ್ಲ. ಧೂಳಿನ ಫಿಲ್ಟರ್ ಬಿಚ್ಚಿ ತೊಳೆಯೋಕೆ ಬರೋ ಹಾಗಿರಲಿ.

ಬಿಲ್ಲಲ್ಲಿ ಪ್ರತಿ ಪಾರ್ಟಿನ ಸೀರಿಯಲ್ ನಂಬರ್ ಬರೆಸ್ಕೊಳ್ಳಿ. ಬಿಲ್ ಬೇಡ ಅಂದ್ರೆ ಕಮ್ಮಿ ಮಾಡ್ತೀನಿ ಅನ್ನೋ ಮಾತಿಗೆ ಒಪ್ಪಿದ್ರೆ ಆಮೇಲೆ ವಾರಂಟಿ ಕೇಳೋಕೆ ಕೈಯಲ್ಲಿ ಏನೂ ಇರಲ್ಲ. ಬೆಂಗಳೂರಲ್ಲೇ ಜೋಡಿಸಿ ಊರಿಗೆ ಬಸ್ಸಲ್ಲಿ ಒಯ್ಯೋರು ಗ್ರಾಫಿಕ್ಸ್ ಕಾರ್ಡನ್ನ ಬಿಚ್ಚಿ ಅದರ ಪೆಟ್ಟಿಗೆಯಲ್ಲೇ ಇಟ್ಕೊಳ್ಳಿ. ಹಂಪ್ ಬಂದಾಗಲೆಲ್ಲ ಆ ತೂಕ ಸ್ಲಾಟ್ ಮೇಲೆ ಜಗ್ಗುತ್ತೆ.

[ಫೋನಿನ ವಿಡಿಯೋ ಕಾಲ್ ರೆಕಾರ್ಡಿಂಗ್. ದಾವಣಗೆರೆಯ ಮನೆ, ನೆಲದ ಮೇಲೆ ಹೊಸ ಪಿಸಿ.]

ಹುಡುಗ ಹೊಸ ಪಟ್ಟಿ ಹಿಡಿದು ಎಲ್ಲಾ ತಗೊಂಡು, ತಾನೇ ಕೂತು ಜೋಡಿಸಿದ. ಪವರ್ ಒತ್ತಿದ. ಫ್ಯಾನ್ ತಿರುಗ್ತಿದೆ, ಪರದೆ ಕಪ್ಪು. "ಮಾಮ, ಏನೂ ಬರ್ತಿಲ್ಲ, ಸುಟ್ಟೋಯ್ತಾ?" ಅಂದ, ದನಿ ನಡುಗ್ತಿತ್ತು. ಕೇಬಲ್ ಎಲ್ಲಿಗೆ ಹಾಕಿದೀಯ ತೋರಿಸು ಅಂದೆ. ಗ್ರಾಫಿಕ್ಸ್ ಕಾರ್ಡಿಗೇ ಹಾಕಿದ್ದ, ಬೋರ್ಡಿನ ಪೋರ್ಟಿಗಲ್ಲ. ರ್‍ಯಾಮ್ ಎರಡನೇ ಮತ್ತು ನಾಲ್ಕನೇ ಸ್ಲಾಟಲ್ಲಿತ್ತು. ಎಲ್ಲಾ ಸರಿ. "ಮುಟ್ಟಬೇಡ, ಸುಮ್ನೆ ಕೂತ್ಕೋ" ಅಂದೆ. ಎಎಂ5 ಬೋರ್ಡ್ ಮೊದಲ ಸಲ ರ್‍ಯಾಮ್ ಜೊತೆ ಹೊಂದಿಕೊಳ್ಳೋಕೆ ಕೆಲವು ನಿಮಿಷ ತಗೊಳ್ಳುತ್ತೆ. ಗಾಬರಿಯಾಗಿ ಮಧ್ಯದಲ್ಲಿ ಆಫ್ ಮಾಡಿದ್ರೆ ಮತ್ತೆ ಮೊದಲಿಂದ. ನಮ್ಮಕ್ಕ ಹಿಂದೆ ನಿಂತು ಸೆರಗು ಹಿಡ್ಕೊಂಡು ನೋಡ್ತಿದ್ಲು. ನಾಲ್ಕನೇ ನಿಮಿಷಕ್ಕೆ ಲೋಗೋ ಬಂತು.

ಬಯಾಸಲ್ಲಿ, ಅಂದ್ರೆ ಬೋರ್ಡಿನ ಸೆಟ್ಟಿಂಗ್ ಪರದೆಯಲ್ಲಿ, ಮೆಮೊರಿಯನ್ನ ಅದರ ಪೂರ್ತಿ ಸ್ಪೀಡಲ್ಲಿ ಓಡಿಸೋ ಎಕ್ಸ್‌ಪೋ ಆನ್ ಮಾಡಿಸಿದೆ, ಇಲ್ಲದಿದ್ರೆ 6000ದ ರ್‍ಯಾಮ್ 4800ರಲ್ಲೇ ಓಡ್ತಿರುತ್ತೆ. ವಿಂಡೋಸ್ ಹಾಕಿದ ಮೇಲೆ ಡಿಸ್‌ಪ್ಲೇ ಸೆಟ್ಟಿಂಗ್ ತೆಗಿ ಅಂದೆ. 60 ಹರ್ಟ್ಸ್ ಅಂತಲೇ ಇತ್ತು. 144 ಮಾಡಿ ಮೌಸ್ ಅಲ್ಲಾಡಿಸಿದ. ಇನ್ನೊಂದು ಸಲ ಅಲ್ಲಾಡಿಸಿದ. ಆಮೇಲೆ ಫೋನ್ ಕಡೆ ತಿರುಗಿ, "ಮಾಮ, ಬಾಣದ ಗುರುತೇ ಬೇರೆ ಥರ ಓಡ್ತೈತೆ" ಅಂದ.